ಮೂವತ್ತೊಂದು ಮಂದಿಗೂ ಮೊದಲ ಬಹುಮಾನ

ಸಮಾರೋಪದ ಹಿಂದಿನ ದಿನ ಉರ್ವದ ಸಭಾಭವನಕ್ಕೆ ಕಾಲಿಟ್ಟ ಜೂಲಿ ಟೀಚರ್‌ಗೆ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಟ್ರೋಫಿಗಳನ್ನು ಕಂಡು ಮೈಯೆಲ್ಲ ಉರಿಯಿತು. ಎಣಿಸಿದರೆ ಮೂವತ್ತೊಂದು. ಎಲ್ಲವೂ ಒಂದೇ ಎತ್ತರ, ಎಲ್ಲದರ ಮೇಲೂ ಒಂದೇ ಬರಹ: ‘ಅತ್ಯುತ್ತಮ ಚರ್ಚಾಪಟು’. ಬೇಸಿಗೆಯ ಚರ್ಚಾ ಶಿಬಿರಕ್ಕೆ ಬಂದಿದ್ದ ಮಕ್ಕಳೂ ಮೂವತ್ತೊಂದೇ.

ಹತ್ತು ದಿನ ಗಂಟಲು ಹರಿದುಕೊಂಡು, ಪ್ರತಿ ಸುತ್ತಿಗೂ ಅಂಕ ಹಾಕಿ, ಒಟ್ಟು ಮೊತ್ತವನ್ನು ದಿನಾ ಸಂಜೆ ಹಲಗೆಯ ಮೇಲೆ ಬರೆದವರು ಜೂಲಿ ಟೀಚರ್. ಮೊದಲ ದಿನವೇ ಅವರು ಮಕ್ಕಳಿಗೆ ಮಾತು ಕೊಟ್ಟಿದ್ದರು. ಇಲ್ಲಿ ಬಹುಮಾನ ಒಂದೇ, ಅದು ದುಡಿದವರಿಗೆ, ಯಾರ ಶಿಫಾರಸೂ ನಡೆಯುವುದಿಲ್ಲ ಎಂದು. ಈಗ ನೋಡಿದರೆ ಅಂಗಡಿಯವನು ಸಗಟಿನಲ್ಲಿ ಕೊಟ್ಟ ಹಾಗೆ ‘ಅತ್ಯುತ್ತಮ’ರು ಬಂದು ಕೂತಿದ್ದಾರೆ.

“ಎಂತ ಶೆಟ್ರೆ ಇದು?” ಎಂದು ಅವರು ಶಿಬಿರ ನಡೆಸುವ ಟ್ರಸ್ಟಿನ ಅಧ್ಯಕ್ಷ ಚಿತ್ತರಂಜನ ಶೆಟ್ಟರನ್ನು ಹಿಡಿದು ಕೇಳಿದರು.

ಶೆಟ್ಟರು ಎರಡು ಹೋಟೆಲುಗಳ ಮಾಲಕರು. ಊಟಕ್ಕೆ ಬಂದ ಯಾರನ್ನೂ ಬೇಸರದಲ್ಲಿ ಕಳಿಸಿ ಗೊತ್ತಿಲ್ಲದವರು. “ಪೇರೆಂಟ್ಸ್ ಫೋನ್ ಮಾಡಿ ಮಾಡಿ ನನ್ನ ತಲೆ ತಿಂದರು ಟೀಚರ್. ಆ ಲವಿನಾ ಬಾಯಿ ಒಬ್ಬರೇ ನಾಲ್ಕು ಸಲ ಮಾಡಿದ್ದಾರೆ. ಮಕ್ಕಳಲ್ಲವಾ, ಎಲ್ಲರಿಗೂ ಖುಷಿ ಆಗಲಿ. ಕಲಿಸಿದ ನಿಮಗೆ ಮೂವರಿಗೂ ಬೆಸ್ಟ್ ಇನ್‌ಸ್ಟ್ರಕ್ಟರ್ ಪ್ರಶಸ್ತಿ ಉಂಟು. ಶಾಲು, ಹಣ್ಣಿನ ಬುಟ್ಟಿ ಎಲ್ಲ ಹೇಳಿ ಆಗಿದೆ.”

“ಬೆಸ್ಟ್ ಇನ್‌ಸ್ಟ್ರಕ್ಟರ್ ಯಾರಂತ ಮಕ್ಕಳು ಚೀಟಿ ಹಾಕಿ ಆರಿಸುವುದಿತ್ತು.”

“ಒಬ್ಬರಿಗೆ ಕೊಟ್ಟರೆ ಇನ್ನಿಬ್ಬರಿಗೆ ಬೇಸರ ಆಗುದಿಲ್ಲವಾ?”

ಜೂಲಿ ಟೀಚರ್‌ಗೆ ತಮ್ಮ ಬೇಸರದ ಚಿಂತೆ ಇರಲಿಲ್ಲ. ಅವರ ತಲೆಯಲ್ಲಿದ್ದದ್ದು ಸಂಚಿತಾ. ತೊಕ್ಕೊಟ್ಟಿನಿಂದ ಎರಡು ಬಸ್ಸು ಹತ್ತಿ ಬರುವ ಈ ಒಂಬತ್ತನೇ ತರಗತಿಯ ಹುಡುಗಿ ಹಲಗೆಯ ಲೆಕ್ಕದಲ್ಲಿ ಎಲ್ಲರಿಗಿಂತ ಹದಿನಾಲ್ಕು ಅಂಕ ಮುಂದಿದ್ದಳು. ಅವಳನ್ನು ಸೇರಿಸಲು ಬಂದ ದಿನ ತಾಯಿ ಕುಶಲಾ ಕಡ್ಡಿ ಮುರಿದಂತೆ ಹೇಳಿದ್ದರು: “ಮನೆಯಲ್ಲಿ ಇವಳದ್ದು ಎದುರುತ್ತರ ಜಾಸ್ತಿ ಟೀಚರ್. ಈ ಬಾಯಿಯಿಂದ ಎಂತಾದರೂ ಪ್ರಯೋಜನ ಉಂಟಾ ನೋಡುವ. ಫಸ್ಟ್ ಬಂದರೆ ಜೂನಿಂದ ನಿಮ್ಮ ತಂಡಕ್ಕೆ ಕಳಿಸ್ತೇನೆ. ಇಲ್ಲದಿದ್ರೆ ಟ್ಯೂಷನ್‌ಗೆ ಹೋಗಿ ಸುಮ್ಮನೆ ಕೂರಲಿ.” ಜೂಲಿ ಟೀಚರ್ ವರ್ಷವಿಡೀ ಭಾನುವಾರಗಳಲ್ಲಿ ಒಂದು ಚರ್ಚಾ ತಂಡ ನಡೆಸಿ ಜಿಲ್ಲೆ ಜಿಲ್ಲೆಗೆ ಕರೆದುಕೊಂಡು ಹೋಗುತ್ತಿದ್ದರು. ಸಂಚಿತಾಳಂಥ ಹುಡುಗಿ ಆ ತಂಡಕ್ಕೆ ಸಿಕ್ಕಿ ಎಷ್ಟೋ ವರ್ಷಗಳಾಗಿದ್ದವು.

ಜಗಳ ಊಟದ ಹೊತ್ತಿನವರೆಗೂ ನಡೆಯಿತು. ಕೊನೆಗೆ ಶೆಟ್ಟರೇ ಒಂದು ದಾರಿ ಹುಡುಕಿದರು. “ಚರ್ಚೆಯ ಕ್ಯಾಂಪ್ ಅಲ್ಲವಾ ಇದು? ನಾಳೆಯ ಫೈನಲ್‌ಗೆ ಇದನ್ನೇ ವಿಷಯ ಮಾಡಿ. ಎಲ್ಲರಿಗೂ ಕೊಡಬೇಕಾ, ಒಬ್ಬರಿಗೇ ಕೊಡಬೇಕಾ. ಯಾವ ಕಡೆ ಗೆಲ್ತದೋ ಹಾಗೆ ಮಾಡುವ. ಒಬ್ಬರಿಗೆ ಅಂತಾದರೆ ಬಾಕಿ ಮೂವತ್ತನ್ನು ಹೋಟೆಲಿನ ಶೋಕೇಸಿನಲ್ಲಿ ಇಡ್ತೇನೆ.”

ಜೂಲಿ ಟೀಚರ್ ಹಿಂದೆ ಮುಂದೆ ನೋಡದೆ ಒಪ್ಪಿಬಿಟ್ಟರು. ಸರಿ ಇರುವ ಕಡೆಯೇ ಗೆಲ್ಲುತ್ತದೆ ಎಂದು, ಮೂವತ್ತು ವರ್ಷ ಚರ್ಚೆ ಕಲಿಸಿದ ಹೆಂಗಸು ನಂಬಿದ್ದು ಆಶ್ಚರ್ಯವೇ.

ಮರುದಿನ ಬೆಳಿಗ್ಗೆ ಯಾರು ಯಾವ ಕಡೆ ಮಾತಾಡಬೇಕೆಂದು ಚೀಟಿ ಎತ್ತಿದರು. ಫೈನಲ್‌ಗೆ ಬಂದಿದ್ದವರು ಇಬ್ಬರು, ಸಂಚಿತಾ ಮತ್ತು ಆನ್ಸನ್. ಆನ್ಸನ್ ಎಂದರೆ ಆ ನಾಲ್ಕು ಫೋನಿನ ಲವಿನಾ ಬಾಯಿಯ ಮಗ. ಅವನ ಚೀಟಿಯಲ್ಲಿ ‘ಒಬ್ಬರಿಗೆ’ ಎಂದಿತ್ತು, ಸಂಚಿತಾಳದ್ದರಲ್ಲಿ ‘ಎಲ್ಲರಿಗೂ’. ಜೂಲಿ ಟೀಚರ್‌ಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಚೀಟಿ ಬದಲಾಯಿಸುವಂತಿಲ್ಲ. ಆ ನಿಯಮ ಮಾಡಿದವರೂ ಅವರೇ.

ಆನ್ಸನ್ ಮೊದಲು ಮಾತಾಡಿದ. “ನಮ್ಮ ಮನೆಯಲ್ಲಿ ಸುಮ್ಮನೆ ಸಿಕ್ಕಿದ ಟ್ರೋಫಿ ಒಂಬತ್ತು ಉಂಟು. ಯಾವುದು ಯಾತಕ್ಕೆ ಸಿಕ್ಕಿದ್ದು ಅಂತ ನನಗೇ ಗೊತ್ತಿಲ್ಲ. ಹತ್ತನೆಯದ್ದನ್ನು ಇಡಲಿಕ್ಕೆ ಮಮ್ಮಿ ಈಗಲೇ ಜಾಗ ಮಾಡಿದ್ದಾರೆ.” ಸಭೆ ನಕ್ಕಿತು. ಮೂರನೇ ಸಾಲಿನಲ್ಲಿದ್ದ ಲವಿನಾ ಬಾಯಿ ವ್ಯಾನಿಟಿ ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು. ಜೂಲಿ ಟೀಚರ್‌ಗೆ ಜೀವ ಬಂದಂತಾಯಿತು.

ಆಮೇಲೆ ಸಂಚಿತಾ ಎದ್ದಳು. “ಒಬ್ಬಳೇ ನಿಂತು ಮಾತಾಡಿದರೆ ಅದು ಭಾಷಣ, ಚರ್ಚೆ ಅಲ್ಲ. ಚರ್ಚೆಗೆ ಎದುರು ಒಬ್ಬರು ಬೇಕು. ಹತ್ತು ದಿನ ನನ್ನ ಎದುರು ನಿಂತವರು ಪ್ರಶ್ನೆ ಕೇಳದಿದ್ದರೆ ನನಗೆ ಒಂದು ಉತ್ತರವೂ ಹೊಳೆಯುತ್ತಿರಲಿಲ್ಲ. ಮೊನ್ನೆ ನನಗೆ ಅತಿ ಹೆಚ್ಚು ಅಂಕ ಬಂದ ಉತ್ತರ ಆನ್ಸನ್‌ನ ಪ್ರಶ್ನೆಗೆ ಕೊಟ್ಟದ್ದು. ಅಂಕ ಮಾತ್ರ ನನ್ನ ಹೆಸರಲ್ಲಿ ಬಿತ್ತು. ಅರ್ಧ ಅವನದ್ದು ಅಲ್ಲವಾ? ಹಾಗೆ ಪಾಲು ಮಾಡುತ್ತ ಹೋದರೆ ಈ ಕೋಣೆಯಲ್ಲಿ ಯಾರನ್ನು ಬಿಡುತ್ತೀರಿ?”

ಪ್ರತ್ಯುತ್ತರಕ್ಕೆ ಎದ್ದ ಆನ್ಸನ್ ತಲೆ ಕೆರೆದುಕೊಂಡು, “ಅದು ಸರಿಯೇ,” ಎಂದು ಕೂತುಬಿಟ್ಟ. ಜೂಲಿ ಟೀಚರ್ ತಾವೇ ಅವನ ಜಾಗದಲ್ಲಿ ನಿಂತು ಮನಸ್ಸಿನಲ್ಲಿ ಒಂದು ಉತ್ತರ ಹುಡುಕಿದರು. ಸಿಗಲಿಲ್ಲ. ಈ ಹುಡುಗಿಯ ಬಾಯಿಗೆ ಸ್ವಲ್ಪವಾದರೂ ಸ್ವಾರ್ಥ ಬೇಡವೇ ಎಂದು ಸಿಟ್ಟೇ ಬಂತು.

ತೀರ್ಪುಗಾರರು ಮೂವರು, ಶಿಬಿರದ ತರಬೇತುದಾರರೇ: ಜೂಲಿ ಟೀಚರ್, ಶರೊನ್, ಮತ್ತು ಟೀಚರರ ಹಳೆಯ ಶಿಷ್ಯ ಇರ್ವಿನ್. ಶರೊನ್ ತನ್ನ ಮತವನ್ನು ಸಂಚಿತಾಳಿಗೆ ಹಾಕಿದ್ದಳು. ಇರ್ವಿನ್ ಹತ್ತಿರ ಬಗ್ಗಿ ಪಿಸುಗುಟ್ಟಿದ: “ನಾನು ಆನ್ಸನ್‌ಗೆ ಹಾಕಿದ್ದೇನೆ ಟೀಚರ್. ನೀವೂ ಹಾಕಿ. ಅವಳು ಇದೊಂದು ಸೋತರೆ ‘ಒಬ್ಬರಿಗೆ’ ಅಂತಾಗ್ತದೆ. ಒಟ್ಟು ಅಂಕದಲ್ಲಿ ಹೇಗೂ ಅವಳೇ ಮುಂದೆ, ಟ್ರೋಫಿ ಅವಳಿಗೊಬ್ಬಳಿಗೇ.”

“ನಿನಗೆ ನಾನು ಕಲಿಸಿದ್ದು ಇದನ್ನಾ ಮಾರಾಯ?”

“ಹಾಗಾದರೆ ಅವಳ ಅಮ್ಮನಿಗೆ ನೀವೇ ಹೇಳಿ.”

ಜೂಲಿ ಟೀಚರ್ ಪೆನ್ನು ಹಿಡಿದು ಕೂತರು. ಆನ್ಸನ್‌ನ ಹೆಸರು ಬರೆದರೆ ಕೇಳುವವರಿಲ್ಲ. ಹುಡುಗಿಗೆ ಟ್ರೋಫಿ, ತಮಗೆ ಹುಡುಗಿ, ಶೆಟ್ಟರಿಗೆ ಒಂದು ಪಾಠ. ತಲೆ ಎತ್ತಿದರೆ ಸಂಚಿತಾ ಅವರನ್ನೇ ನೋಡುತ್ತಿದ್ದಳು. ಗೆದ್ದೆನೆಂದು ಅವಳಿಗೆ ಗೊತ್ತಿತ್ತು. ಗೆದ್ದರೆ ಏನು ಹೋಗುತ್ತದೆಂಬುದೂ ಗೊತ್ತಿತ್ತು. ಟೀಚರ್ ಅವಳ ಹೆಸರನ್ನೇ ಬರೆದು, ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

ಸಮಾರೋಪದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೇ ತಿಂಗಳ ಮಧ್ಯಾಹ್ನ ಮೂವರು ಬೆವರುವ ತರಬೇತುದಾರರಿಗೆ ಮೂರು ಶಾಲು ಹೊದೆಸಿದರು. ಮೂವರೂ ಅತ್ಯುತ್ತಮರು. ಆಮೇಲೆ ಮಕ್ಕಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಕರೆದರು. ಸಂಚಿತಾಳ ಸರದಿ ಇಪ್ಪತ್ತಾರನೆಯದು. ಅಷ್ಟು ಹೊತ್ತಿಗೆ ಚಪ್ಪಾಳೆಯೂ ಸೋತಿತ್ತು, ಫೋಟೋದವನೂ ಸೋತಿದ್ದ.

ಬಟ್ಟೆ ಅಂಗಡಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಕುಶಲಾ ಕಂಡದ್ದು ಇದಿಷ್ಟನ್ನೇ. ಬೆಳಗಿನ ಚರ್ಚೆಗೆ ಅವರು ಇರಲಿಲ್ಲ. ಸಭೆ ಮುಗಿದು ತಾಯಿ ಮಗಳು ಬಸ್‌ಸ್ಟಾಪಿನ ಕಡೆ ಹೊರಟಾಗ ಜೂಲಿ ಟೀಚರ್ ಹಣ್ಣಿನ ಬುಟ್ಟಿಯನ್ನು ಇರ್ವಿನ್‌ನ ಕೈಗೆ ತುರುಕಿ ಹಿಂದೆಯೇ ಓಡಿದರು.

“ಇವಳು ಫಸ್ಟಾ ಅಲ್ಲವಾ ಟೀಚರ್? ನನಗೆ ಗೊತ್ತೇ ಆಗಲಿಲ್ಲ,” ಎಂದರು ಕುಶಲಾ.

ಟೀಚರ್ ಬಾಯಿ ತೆರೆಯುವ ಮೊದಲೇ ಸಂಚಿತಾ ಉತ್ತರಿಸಿದಳು. “ಎಲ್ಲರಿಗೂ ಸಿಕ್ಕಿದ್ದು ಅಮ್ಮ. ಫಸ್ಟ್ ಅಂತ ಯಾರೂ ಇಲ್ಲ.”

“ಹಾಗಾದ್ರೆ ಸೋಮವಾರದಿಂದ ಟ್ಯೂಷನ್.”

“ಆಯ್ತು.”

ಜೂಲಿ ಟೀಚರರ ತಾಳ್ಮೆ ಅಲ್ಲಿಗೆ ಮುಗಿಯಿತು. ಬೇಡದ ಕಡೆ ಅಷ್ಟು ಮಾತಾಡಿದ ಹುಡುಗಿ ಬೇಕಾದ ಕಡೆ ಆಯ್ತು ಎಂದು ತಲೆ ತಗ್ಗಿಸುತ್ತಾಳೆ. “ಎಂತ ಆಯ್ತು? ಚರ್ಚೆ ಬೆಳಿಗ್ಗೆಯೇ ಮುಗಿದಿದೆ ಮಾರಾಯ್ತಿ, ಇನ್ನೂ ಆ ಚೀಟಿ ಹಿಡಿದುಕೊಂಡು ಯಾಕೆ ನಿಂತಿದ್ದೀ? ಈಗ ನಿನ್ನ ಕಡೆಯಿಂದ ಮಾತಾಡು. ನೀನು ತಂಡಕ್ಕೆ ಯಾಕೆ ಬರಬೇಕು, ಅಮ್ಮನಿಗೆ ಹೇಳು. ಮೂರು ನಿಮಿಷ. ಸಮಯ ನಾನು ನೋಡ್ತೇನೆ.”

ಸಂಚಿತಾ ತಾಯಿಯ ಮುಖ ನೋಡಿದಳು. ಹತ್ತು ದಿನದಲ್ಲಿ ಮೊದಲ ಸಲ ಅವಳ ಮಾತು ತಡವರಿಸಿತು. “ಮಾನ್ಯ ತೀರ್ಪುಗಾರರೇ,” ಎಂದು ಅಭ್ಯಾಸಬಲದಿಂದ ಶುರು ಮಾಡಿ, ನಾಚಿ, ನಿಲ್ಲಿಸಿದಳು. ಆಮೇಲೆ ಹೇಳಿದಳು. “ಅಮ್ಮ, ನಾನು ಎದುರು ಮಾತಾಡುವಾಗ ಮನೆಯಲ್ಲಿ ನೀನು ಬಾಯಿ ಮುಚ್ಚು ಅಂತೀ. ಇಲ್ಲಿ, ನಾನು ಮಾತಾಡಿದ ಮೇಲೆ ಎದುರಿನವರು ಏನು ಹೇಳುತ್ತಾರೆ ಅಂತ ಕಾಯಬೇಕು. ಕೇಳಿಸಿಕೊಳ್ಳದಿದ್ದರೆ ಸೋಲುದೇ. ನನಗೆ ಮಾತಾಡಲಿಕ್ಕೆ ಮೊದಲೇ ಬರ್ತಿತ್ತು. ಕೇಳಲಿಕ್ಕೆ ಬರ್ತಿರಲಿಲ್ಲ.”

ಕುಶಲಾ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. ಅಷ್ಟರಲ್ಲಿ ಬಸ್ಸು ಬಂತು. “ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಬೇಗ ಹತ್ತಿ ಅಕ್ಕ,” ಎಂದು ಕಂಡಕ್ಟರ್ ಬಸ್ಸು ಹೋಗುವ ನಿಲ್ದಾಣದ ಹೆಸರು ಕೂಗುತ್ತ ಅವಸರ ಮಾಡಿದ. ಸಂಚಿತಾ ಮಾತು ನಿಲ್ಲಿಸಿ ಟ್ರೋಫಿಯನ್ನು ಕಂಕುಳಲ್ಲಿ ಇರುಕಿಸಿಕೊಂಡು ಹೊರಟಳು.

ಕುಶಲಾ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಕಂಡಕ್ಟರನಿಗೆ ಕೈ ಬೀಸಿದರು.

“ನೀವು ಹೋಗಿ. ಇವಳದ್ದು ಇನ್ನೂ ಮುಗಿಯಲಿಲ್ಲ.”