ಒರೆಸುವ ಬೆರಳು

ತಣ್ಣಗೆ ಏನೋ ಹೊಟ್ಟೆಯ ಮೇಲೆ ಹರಡುತ್ತಿದೆ, ಜೆಲ್ಲು, ಸ್ವಲ್ಪ ಚಳಿಯಾಗತ್ತಮ್ಮ ಎಂದಿದ್ದರು ಡಾಕ್ಟರು, ಜ್ವರದ ಮೈಗೆ ಹಿತವಾಗಿಯೇ ಇದೆ, ಕತ್ತಲೆ ಕೋಣೆ, ನಮ್ಮ ಸ್ಟುಡಿಯೋದ ಹಿಂದಿನ ಕೋಣೆಯ ಹಾಗೆ, ಅಲ್ಲೂ ಒಂದು ಪರದೆಯ ಬೆಳಕು, ಅದರೆದುರು ನಾನು, ಫೋಟೋಗಳಲ್ಲಿ ಕಂಡವರ ಮುಖದಿಂದ ಮೊಡವೆ ಒರೆಸುತ್ತ — ಜನಕ್ಕೆ ಮೊಡವೆ ಇರೋವರೆಗೂ ನಮಗೆ ಊಟ ಕಣಮ್ಮ ಎನ್ನುತ್ತಾರೆ ಭಾವ, ಕ್ಯಾಮೆರಾ ಅವರದು, ಒರೆಸುವ ಕೆಲಸ ನನ್ನದು, ಎಷ್ಟೋ ಮದುಮಗಂದಿರಿಗೆ ಕೂದಲನ್ನೂ ಬರಿಸಿದ್ದೇನೆ — ಉಸಿರು ಬಿಗಿಹಿಡೀಬೇಡಿ, ಸಡಿಲ ಬಿಡಿ, ಬಿಟ್ಟೆ, ತೇಲುತ್ತಿದ್ದೇನೆ, ತೇಲುತ್ತಲೇ ಅಕ್ಕನ ಮಗಳು ಮತ್ತೆ ತೊಡೆಯೇರುತ್ತಾಳೆ, ಫೋಟೋಗೆಂದು ತೊಡಿಸಿದ ಹೊಸ ಫ್ರಾಕು, ನನ್ನ ಕುತ್ತಿಗೆಗೆ ಒತ್ತಿದ ಬೆಚ್ಚನೆ ಕೆನ್ನೆ, ಚಿಕ್ಕಮ್ಮ, ನಿನ್ನ ಹೊಟ್ಟೇಲಿರೋ ಪಾಪುಗೆ ನನ್ನ ಮಾತು ಕೇಳಿಸತ್ತಾ, ಕೇಳಿಸತ್ತೆ ಪುಟ್ಟಿ, ನಿಮ್ಮಮ್ಮಂದೂ ಕೇಳಿಸತ್ತೆ, ಅದಕ್ಕೇ ಹೊರಗೆ ಬರೋಕೆ ಯೋಚನೆ ಮಾಡ್ತಿದೆ — ಅಕ್ಕ ನಗಲಿಲ್ಲ, ಪುಟ್ಟಿ ಮೈ ಬಿಸಿ ಇದೆಯಲ್ಲೇ ಅಕ್ಕಾ, ಲೈಟಿನ ಕಾವು ಕಣೇ, ನಿಂದೊಂದು, ಲಸಿಕೆಯ ಮಾತೆತ್ತಿದರಂತೂ ಮೂಗಿನ ತುದಿಯಲ್ಲೇ ಕೋಪ, ಚೆನ್ನಾಗಿರೋ ಮೈಗೆ ಸೂಜಿ ಯಾಕೆ, ಎಲ್ಲಿವೆ ಈಗ ಆ ಕಾಯಿಲೆಗಳು, ತೋರಿಸು ನೋಡೋಣ, ಫೋನಿನಲ್ಲಿ ಯಾರೋ ಅಂದದ್ದನ್ನು ತಾನೇ ಕಣ್ಣಾರೆ ಕಂಡ ಹಾಗೆ ಹೇಳುತ್ತಾಳೆ, ಅಮ್ಮನೂ ಕಮ್ಮಿಯಿಲ್ಲ, ಚಿಕ್ಕವಳಿದ್ದಾಗ ಸೂಜಿ ಬೇಡ ಅಂತ ನೀನು ರಂಪ ಮಾಡಿದೆ, ಆಸ್ಪತ್ರೆ ಬಾಗಿಲಿಂದಲೇ ವಾಪಸು ಎತ್ಕೊಂಡು ಬಂದೆ, ಏನಾಯ್ತು ಈಗ, ಗುಂಡುಕಲ್ಲಿನ ಹಾಗಿದ್ದೀಯ — ಏನೂ ಆಗಲಿಲ್ಲ, ಸುತ್ತಲಿನ ಮಕ್ಕಳೆಲ್ಲ ಚುಚ್ಚಿಸಿಕೊಂಡಿದ್ದರು, ಅವರ ನೆರಳಲ್ಲಿ ಪುಕ್ಕಟೆ ಬೆಳೆದೆ, ಈಗ ಆ ನೆರಳೇ ತೆಳುವಾಗಿದೆ, ಫೋಟೋ ತೆಗೆದ ಆ ಸಂಜೆ ಪರದೆಯ ತುಂಬ ಮಗುವಿನ ಕೆನ್ನೆ, ಕಿವಿಯ ಹಿಂದಿನಿಂದ ಇಳಿದ ನಸುಗೆಂಪು ಚುಕ್ಕೆಗಳು, ಸೆಕೆಗುಳ್ಳೆ ಎಂದುಕೊಂಡೆ, ಅದನ್ನೂ ಎಲ್ಲಿ ಅಂದುಕೊಂಡೆ, ಚುಕ್ಕೆ ಕಂಡರೆ ಬೆರಳು ಕೇಳುವುದಿಲ್ಲ, ಒಂದೊಂದಾಗಿ ಒರೆಸಿದೆ, ಚರ್ಮದ ನಯ ಕೆಡದ ಹಾಗೆ, ಭೇಷ್ ಎಂದರು ಭಾವ, ಅಕ್ಕ ಆ ಫೋಟೋವನ್ನು ಎಲ್ಲರಿಗೂ ಕಳಿಸಿದಳು, ನೋಡಿ, ಸೂಜಿಯನ್ನೇ ಕಾಣದ ಮಗು, ಹೇಗೆ ಹೊಳೀತಿದೆ — ವಾರಗಳು ಕಳೆದು ಅವೇ ಚುಕ್ಕೆ ನನ್ನ ಕುತ್ತಿಗೆಯಲ್ಲಿ, ರಕ್ತ ಪರೀಕ್ಷೆ ಮಾಡಿ ರುಬೆಲ್ಲಾ, ಲಸಿಕೆ ತಪ್ಪಿದವರಿಗೆ ಅಂಟೋ ಕಾಯಿಲೆ ಎಂದರು, ಮಕ್ಕಳಿಗಾದರೆ ಬಂದು ಹೋಗತ್ತೆ, ಬಸುರಿಗೆ ಬಂದರೆ ಒಳಗಿರೋ ಕೂಸಿನ ಕಿವಿ, ಕಣ್ಣು, ಹೃದಯಕ್ಕೆ ಪೆಟ್ಟು ಬೀಳಬಹುದು, ಮೂರನೇ ತಿಂಗಳಲ್ವಾ, ನೋಡೋಣ — ಡಾಕ್ಟರು ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ, ಬೂದು, ಮಸುಕು, ಹಾಳಾದ ಪ್ರಿಂಟಿನ ಹಾಗೆ, ಹಾಸಿಗೆಯ ಮೇಲೆ ನನ್ನ ತೋರುಬೆರಳು ತಾನಾಗಿ ಅಲುಗುತ್ತದೆ, ಬೂದಿನ ನಡುವೆ ಒಂದು ಬಿಳಿ ಚುಕ್ಕೆ, ಮಿಣುಕುತ್ತಿದೆ, ಅದೇ ಎದೆಬಡಿತ, ಇವತ್ತಿಗೆ ಇಷ್ಟೇ ಹೇಳಬಲ್ಲೆ ಕಣಮ್ಮ, ಬೆರಳನ್ನು ಮುಷ್ಟಿಯೊಳಗೆ ಬಿಗಿದುಕೊಂಡೆ, ಇರು, ಅಲ್ಲೇ ಇರು, ಚುಕ್ಕೆ, ಮಿಣುಕು, ಚುಕ್ಕೆ