ಕೆಂಪಾಗದ ಲಾಲಪತ್ತಿ

ಲಾಲಪತ್ತಿ ಗಿಡಕ್ಕೆ ಹೂವಿನ ಹಂಗಿಲ್ಲ. ಚಳಿ ಬಿದ್ದರೆ ತುದಿಯ ಎಲೆಗಳೇ ಕೆಂಪಾಗುತ್ತವೆ. ಸೊಲ್ಲಾಪುರದ ನಮ್ಮ ಮನೆಯ ಹಿತ್ತಲಿನ ಗಿಡ ಮಾತ್ರ ಎಪ್ಪತ್ನಾಲ್ಕರಲ್ಲಿ ಕಾರ್ತಿಕ ಕಳೆದರೂ ಹಸಿರಾಗಿಯೇ ನಿಂತಿತ್ತು. ನಾನಾಗ ಆರು ತಿಂಗಳ ಬಸುರಿ.

"ನಿಮ್ಮ ಮಾವಾರು ತೀರಿಕೊಂಡ ವರ್ಷಾನೂ ಹಿಂಗ ಹಸರ ನಿಂತಿತ್ತವಾ," ಎಂದರು ಅತ್ತೆ ಗಿರಿಜಾಬಾಯಿ, ನನ್ನ ಹೊಟ್ಟೆಯ ಕಡೆ ನೋಡುತ್ತ.

ಹೆಚ್ಚು ಟಿಸಿಲು ಒಡೆಯಲೆಂದು ಆಷಾಢದಲ್ಲಿ ಅದರ ತುದಿ ಕತ್ತರಿಸಿದವಳು ನಾನೇ. ಬಸುರಿಯಾದವಳು ಗಿಡಕ್ಕೆ ಕತ್ತರಿ ಹಾಕಬಾರದಂತೆ. ಬಸುರಿ ಎಂದು ಆಗ ನನಗೇ ಗೊತ್ತಿರಲಿಲ್ಲ! ಆದರೂ ಓಣಿಯ ಬಾಯಿ ಮುಚ್ಚಿಸುವವರು ಯಾರು? ಪಕ್ಕದ ಮನೆಯ ಗಂಗುಬಾಯಿಯಂತೂ ಗಿಡ ನೋಡಿದಾಗಲೆಲ್ಲ ಲೊಚಗುಟ್ಟುತ್ತಿದ್ದಳು. ಕತ್ತರಿಸಿದಾಗ ಗಿಡದಿಂದ ಸುರಿದ ಹಾಲು ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕೂಸು ಒಂದು ಗಳಿಗೆ ಅಲುಗಾಡದಿದ್ದರೆ ಸಾಕು, ಹೋಗಿ ಗಿಡ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಹಾಗೆ ನೋಡುವಾಗ, ನೀರಿನ ಹೌದಿನ ಗೋಡೆಯ ಮರೆಯಲ್ಲಿ ಒಂದೇ ಒಂದು ಟೊಂಗೆ ಕೆಂಪಗಿತ್ತು. ಅಲ್ಲಿಗೆ ಬಲ್ಬಿನ ಬೆಳಕು ಬೀಳುತ್ತಿರಲಿಲ್ಲ. ಪಾಯಖಾನೆಗೆ ಹೋಗುವಾಗ ನಾನು ಎಡವಬಾರದೆಂದು ಅತ್ತೆ ರಾತ್ರಿಯಿಡೀ ಹಿತ್ತಲ ಬಲ್ಬು ಉರಿಸುತ್ತಿದ್ದರು. ಆ ಬೆಳಕಿನಲ್ಲಿ ಗಿಡಕ್ಕೆ ರಾತ್ರಿಯೇ ಆಗುತ್ತಿರಲಿಲ್ಲ, ಕತ್ತಲು ಸಿಗದೆ ಎಲೆ ಕೆಂಪಾಗುವುದೆಲ್ಲಿ!

"ಅತ್ತೀ, ಬರ್ರಿ ಇಲ್ಲೆ! ನನ್ನ ಕತ್ತರಿದಲ್ರಿ, ಬಲ್ಬಿನ ಕಿತಾಪತಿ ಇದು. ಮಾವಾರು ಹಾಸಗಿ ಹಿಡದಾಗೂ ರಾತ್ರಿ ಎಲ್ಲಾ ಹಚ್ಚಿಟ್ಟಿದ್ರೇನ್ರಿ?"

ಅತ್ತೆ ತಲೆಯೆತ್ತಿ ಬಲ್ಬನ್ನು ನೋಡಿದರು. "ನಾನ ಹಚ್ಚತಿದ್ದೆ. ಅಂದ್ರ ನಾನ ಕೊಂದ್ನೇನ ಅವರನ್ನ?"

ಗಿಡಕ್ಕೂ ಜೀವಕ್ಕೂ ಏನು ಸಂಬಂಧವೆಂದು ಎಷ್ಟು ಹೇಳಿದರೂ ಅವರಿಗೆ ಕೇಳಿಸಲಿಲ್ಲ. ಸಂಜೆ ಬಲ್ಬನ್ನೇ ಬಿಚ್ಚಿ ಸೀರೆಯ ಟ್ರಂಕಿನಲ್ಲಿಟ್ಟರು. ಕಂದೀಲು ಕೇಳಿದರೆ ಅದೂ ಬೇಡವೆಂದರು. "ಗಿಡ ಕೆಂಪ ಆಗ್ಲಿ, ಕೂಸು ಉಳೀತದ."

ಅಂದಿನಿಂದ ಗೋಡೆ ಹಿಡಿದು, ಪಾಚಿಗಟ್ಟಿದ ಕಲ್ಲನ್ನು ಕಾಲಿನಿಂದ ತಡವುತ್ತ ನಡೆಯತೊಡಗಿದೆ. ಒಂದು ರಾತ್ರಿ ಕಾಲು ಜಾರಿಯೇಬಿಟ್ಟಿತು. ಕೈಗೆ ಸಿಕ್ಕಿದ್ದು ಲಾಲಪತ್ತಿ. ಟೊಂಗೆ ಮುರಿದು, ನಾನು ಹೌದಿನ ಬುಡದಲ್ಲಿ ಕುಸಿದೆ.

ಅತ್ತೆ ಕತ್ತಲಲ್ಲೇ ತಡಕಾಡುತ್ತ ಓಡಿಬಂದರು. "ಅಲಗ್ಯಾಡತದೇನ? ಹೇಳವಾ, ಅಲಗ್ಯಾಡತದೇನ?"

ಇಲ್ಲ. ಇಬ್ಬರೂ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತೆವು. ಅಷ್ಟು ಅಂಜಿಕೆ ನನಗೆ ಮುಂದೆ ಎಂದೂ ಆಗಲಿಲ್ಲ. ಎಷ್ಟು ಹೊತ್ತಾಯಿತೋ, ಕೂಸು ಒದೆಯಿತು.

ಅತ್ತೆ ಎದ್ದು ಒಳಗೆ ಹೋದರು. ಟ್ರಂಕಿನ ಸಪ್ಪಳ ಕೇಳಿತು. ಹೊರಗೆ ಬಂದು ಬಲ್ಬು ಹಾಕಿ ಸ್ವಿಚ್ಚು ಒತ್ತಿದರು. ನನ್ನ ಕೈಯಲ್ಲಿದ್ದದ್ದು ಅದೇ ಕೆಂಪು ಟೊಂಗೆ.

"ಹಸರ ಇರಲಿ ಬಿಡು," ಎಂದು ಅದನ್ನು ಕಸಿದು ಗೋಡೆಯಾಚೆ ಎಸೆದರು.