ಚಿಕ್ಕಬೋರಮ್ಮನ ಮುಯ್ಯಿ

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಮಳವಳ್ಳಿ ಕಡೆ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಕು ಮುಟ್ಟಿಸುತ್ತಿತ್ತು. ನಾಲೆಯ ಕೆಳಗಿನ ಗದ್ದೆಗಳಲ್ಲಿ ಕಬ್ಬಿನ ಕಟಾವು ನಡೆದಿತ್ತು, ಊರಿನ ಆಳುಗಳೆಲ್ಲ ಅಲ್ಲಿದ್ದರು. ಚಿಕ್ಕಬೋರಮ್ಮ ಹುಳಮನೆಯ ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿತಾಟಿಗೆ ಇನ್ನೊಂದು ಚೊಂಬು ನೀರು ಚಿಮುಕಿಸಿ, ಒಳಗೆ ಹೋಗಿ ತಟ್ಟೆಯ ಮೇಲಿನ ಹಿಪ್ಪುನೇರಳೆ ಸೊಪ್ಪು ಸರಿಸಿ ನೋಡಿದಳು. ನೂರು ಚಿಟ್ಟೆಗಳ ಮೊಟ್ಟೆಯಿಂದೆದ್ದ ನಲವತ್ತು ಸಾವಿರದಷ್ಟು ರೇಷ್ಮೆಹುಳ. ಕೊನೆಯ ಸಲ ಪೊರೆ ಬಿಟ್ಟು, ನಾಲ್ಕನೇ ಜ್ವರದಿಂದೆದ್ದು ಆರು ದಿನವಾಗಿತ್ತು. ಇನ್ನೂ ಒಂದು ದಿನ ಮೇಯಬೇಕಾಗಿದ್ದವು. ಆದರೆ ಮೇವು ಬಿಟ್ಟು, ತಲೆಯೆತ್ತಿಕೊಂಡು, ತಟ್ಟೆಯ ಅಂಚಿಗೆ ಬರತೊಡಗಿದ್ದವು.

ಡೇರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದ ಪಕ್ಕದ ಬೀದಿಯ ನಾಗಶ್ರೀಯನ್ನು ಅವಳೇ ಕೂಗಿ ಕರೆದಳು. ಒಂದು ಹುಳವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಹುಳದ ಮೈ ಮಾಗಿದ ದ್ರಾಕ್ಷಿಯಂತೆ ಒಳಗೆಲ್ಲ ಕಾಣುತ್ತಿತ್ತು.

"ನೋಡು ಮಗ, ಅಣ್ಣಾಗವೆ. ನಾಳೀಕೆ ಅಂದ್ಕಂಡಿದ್ದೆ, ಈ ಬಿಸ್ಲು ಇವತ್ತೇ ಅಣ್ಣು ಮಾಡ್ಬುಡ್ತು."

ಹಣ್ಣಾದ ಹುಳವನ್ನು ಅವತ್ತೇ ಆರಿಸಿ ಚಂದ್ರಿಕೆಯ ಬಿದಿರು ಸುತ್ತುಗಳೊಳಗೆ ಬಿಡಬೇಕು. ಬಿಡದಿದ್ದರೆ ಅದು ಬಿದ್ದಲ್ಲೇ, ಸೊಪ್ಪಿನ ಕಡ್ಡಿ ಹಿಕ್ಕೆಗಳ ನಡುವೆಯೇ ಗೂಡು ಕಟ್ಟಿಕೊಳ್ಳುತ್ತದೆ. ನಲವತ್ತು ಚಂದ್ರಿಕೆ ತುಂಬುವಷ್ಟು ಹುಳ. ಒಂಟಿ ಹೆಂಗಸಿನ ಕೈಲಾಗುವ ಕೆಲಸವಲ್ಲ. ಗಂಡ ಕರಿಯಪ್ಪ ಕಬ್ಬಿನ ಟ್ರ್ಯಾಕ್ಟರು ತೆಗೆದುಕೊಂಡು ಹೋಗಿ ಎರಡು ದಿನದಿಂದ ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿದ್ದ.

ಅವಳು ಕೇಳಬೇಕಾಗಿಯೇ ಇರಲಿಲ್ಲ. ಹೋದ ದೀಪಾವಳಿಯಲ್ಲಿ ನಾಗಶ್ರೀಯ ಮನೆಯ ಹುಳ ಹಣ್ಣಾದಾಗ ಅವಳ ಗಂಡ ಸಿದ್ದರಾಮು ಜ್ವರ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದ. ನಾಗಶ್ರೀ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದಳು. ಆಗ ಚಿಕ್ಕಬೋರಮ್ಮ ಒಂದು ಇಡೀ ದಿನ ನಿಂತು ಹುಳ ಆರಿಸಿದ್ದಳು. ಅದು ಮುಯ್ಯಿ. ಮುಯ್ಯಿಗೆ ಕೂಲಿಯಿಲ್ಲ, ಮಧ್ಯಾಹ್ನದ ಊಟವುಂಟು, ಆಮೇಲೆ ದಿನಕ್ಕೆ ದಿನ. ತೀರಿಸುವವರು ತಮಗೆ ಬಿಡುವಾದ ದಿನ ಹೋಗಿ ತೀರಿಸುವಂತಿಲ್ಲ, ಮುಯ್ಯಿ ಮಾಡಿದವರ ಮನೆಯ ಹುಳ ಹಣ್ಣಾದ ದಿನವೇ ಹೋಗಬೇಕು.

"ಅರ್ಧ ದಿನ ರಜ ಆಕಿ ಅನ್ನೊಂದಕ್ಕೆಲ್ಲ ಬತ್ತೀನಿ ಬುಡಿ ಅತ್ತೆ," ಅಂದಳು ನಾಗಶ್ರೀ.

ಅವಳು ಗ್ರಾಮ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಆಪರೇಟರ್. ಸೇರಿ ಆರು ವರ್ಷವಾಗಿದ್ದರೂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವತ್ತು ಮುಖಕ್ಕೆ ಪೌಡರ್ ಹಚ್ಚಲಿಲ್ಲ, ಹೂ ಮುಡಿಯಲಿಲ್ಲ. ಹುಳಕ್ಕೆ ಘಮ ಆಗದು. ಒಂದು ಹಳೆಯ ನೂಲಿನ ಸೀರೆ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಹೊರಟಳು.

ಮಾರ್ಚ್ ತಿಂಗಳ ಕಚೇರಿ. ಲೆಕ್ಕ ತಪಾಸಣೆಗೆ ಮಂಡ್ಯದಿಂದ ಬಂದವರು ಒಂಬತ್ತೂವರೆಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೂರು ವರ್ಷದ ಕಂದಾಯ ರಸೀತಿ ಬೇಕೆಂದರು. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ಹನ್ನೊಂದರೊಳಗೆ ಸರ್ಕಾರದ ವೆಬ್‌ಸೈಟಿಗೆ ಹತ್ತಿಸಬೇಕಿತ್ತು. ಎರಡು ಪಂಚಾಯ್ತಿಯ ಹೊಣೆ ಹೊತ್ತಿದ್ದ ಪಿಡಿಒ ರಾಜೇಂದ್ರ ಮಳವಳ್ಳಿಯ ಮೀಟಿಂಗಿನಲ್ಲಿದ್ದರು. ಹತ್ತು ಗಂಟೆಗೆ ಅವರಿಂದ ಫೋನು ಬಂತು. ಮನೆ ಮಂಜೂರಾತಿಗೆ ಅರ್ಜಿ ಹಾಕಿದ ಮೂವತ್ತನಾಲ್ಕು ಜನರ ಈಗಿನ ಗುಡಿಸಲು, ಜೋಪಡಿಗಳ ತೆಗೆದಿಟ್ಟ ಫೋಟೊ ಇವತ್ತು ಸಂಜೆ ಐದರೊಳಗೆ ಹತ್ತಬೇಕು, ಹತ್ತದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದರು. ಅವರು ಕೆಟ್ಟ ಮನುಷ್ಯರಲ್ಲ. "ಇದೊಂದು ಮುಗಿಸಿಬಿಡಮ್ಮ, ಬೇರೆಲ್ಲ ನಾಳೆ ನೋಡೋಣ" ಎಂದು ದೈನ್ಯವಾಗಿಯೇ ಹೇಳಿದರು. ಅರ್ಧ ದಿನದ ರಜೆಯ ಮಾತು ನಾಗಶ್ರೀಯ ಬಾಯಿಂದ ಹೊರಡಲಿಲ್ಲ.

ಪಟ್ಟಿಯಲ್ಲಿದ್ದ ದೇವಿರಮ್ಮ ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದಳು. ಅವಳ ಮನೆಯ ಸೂರು ಎಂಬುದು ಎರಡು ವರ್ಷದಿಂದ ನೀಲಿ ಟಾರ್ಪಾಲು. ಆಗಾಗ ಬಾಗಿಲಲ್ಲಿ ತಲೆ ಹಾಕಿ, ನಂದು ಅತ್ತುಸ್ದೇನವ್ವ ಎಂದು ಕೇಳಿ, ಇಲ್ಲವೆಂದರೆ ಬೇಸರವಿಲ್ಲದೆ ಹೋಗಿ ಮತ್ತೆ ಅಲ್ಲೇ ಕೂರುತ್ತಿದ್ದಳು.

ಹನ್ನೊಂದಕ್ಕೆ ಚಿಕ್ಕಬೋರಮ್ಮನ ಫೋನು ಬಂತು. ಕೂಲಿಗೆ ಹೋಗುವ ಮಲ್ಲಿಗಮ್ಮ ಮನೆ ಬಾಗಿಲಿಗೆ ಬಂದಿದ್ದಾಳೆ, ಬೇಕಾದರೆ ಹುಳಕ್ಕೆ ನಿಲ್ಲುತ್ತೇನೆ, ಬೇಡವಾದರೆ ಟೆಂಪೊ ಹತ್ತಿ ಕಬ್ಬಿನ ಗದ್ದೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ.

"ಇಟ್ಕಳ್ಳಾ, ಕಳ್ಸ್ಬುಡ್ಲಾ ಮಗ?"

ನಾಗಶ್ರೀ ಪರದೆಯ ಕಡೆ ನೋಡಿದಳು. ಏಳು ಫೋಟೊ ಹತ್ತಿದ್ದವು. ಸರ್ವರ್ ಸ್ವಲ್ಪ ಚುರುಕಾದರೆ ಹನ್ನೆರಡೂವರೆಗೆ ಮುಗಿದೀತು ಎಂದು ಎಣಿಸಿದಳು. ಮಲ್ಲಿಗಮ್ಮನನ್ನು ಇಟ್ಟುಕೊಳ್ಳಿ ಎಂದರೆ, ಮುಯ್ಯಿ ತೀರಿಸಲಾರದೆ ಕೂಲಿಯವಳ ಕಡೆ ಕೈ ತೋರಿಸಿದಂತೆ. ಚಿಕ್ಕಬೋರಮ್ಮನಿಗೂ, ಮಾತು ಕೊಟ್ಟವಳಿರುವಾಗ ಕೂಲಿಯವಳನ್ನು ಕರೆದರೆ ಇವಳನ್ನು ನಂಬಲಿಲ್ಲವೆಂದು ಆಗುತ್ತದೆ ಎಂಬ ಸಂಕೋಚ. ಅದಕ್ಕೇ ಕೇಳುತ್ತಿದ್ದಳು.

"ಕಳ್ಸಿ ಅತ್ತೆ. ನಾನು ಹೊಂಟೆ."

ಹಾಗಂದಾಗ ಅವಳು ಕುರ್ಚಿಯಿಂದ ಎದ್ದೂ ಇರಲಿಲ್ಲ.

ಹನ್ನೆರಡೂಮುಕ್ಕಾಲಿಗೆ ಸರ್ವರ್ ನಿಂತಿತು. ಹದಿನೈದನೆಯ ಫೋಟೊ ಅರ್ಧಕ್ಕೆ ನಿಂತು, ಪರದೆಯ ಮೇಲೆ ಒಂದು ಬಳೆ ಸುತ್ತತೊಡಗಿತು. ಬೇರೆ ಪಂಚಾಯ್ತಿಯ ಹುಡುಗಿಗೆ ಫೋನು ಮಾಡಿದರೆ ಅಲ್ಲೂ ಅದೇ. ತಪಾಸಣೆಯವರು ಊಟಕ್ಕೆ ಹೋದರು. ಪಂಚಾಯ್ತಿಯಿಂದ ಚಿಕ್ಕಬೋರಮ್ಮನ ಹುಳಮನೆಗೆ ನಡೆದರೆ ಎಂಟು ನಿಮಿಷದ ದಾರಿ. ಬ್ಯಾಗಿನಲ್ಲಿ ಸೀರೆಯಿತ್ತು. ಹೋದ ಕೂಡಲೇ ಸರ್ವರ್ ಬಂದುಬಿಟ್ಟರೆ ಎಂದು ಅವಳು ಕೂತಳು. ಬುತ್ತಿ ಬಿಚ್ಚಿ ಉಂಡಳು. ಬಳೆ ಸುತ್ತುತ್ತಲೇ ಇತ್ತು. ಒಂದೂವರೆಗೆ ತಾನೇ ಚಿಕ್ಕಬೋರಮ್ಮನಿಗೆ ಫೋನು ಮಾಡಿ, ಇನ್ನೇನು ಬಂದೆ ಎಂದಳು.

ಆ ಕಡೆಯಿಂದ ಒಣ ಸೊಪ್ಪು ಸರಿಸುವ ಸದ್ದು ಕೇಳುತ್ತಿತ್ತು.

"ಉಂಡ್ಕಂಡ್ ಬಾ ಮಗ. ಅವಸ್ರ ಇಲ್ಲ ಬುಡು," ಅಂದಳು ಚಿಕ್ಕಬೋರಮ್ಮ.

ನಾಗಶ್ರೀ ಆ ಮಾತನ್ನು ಹಾಗೆಯೇ ತೆಗೆದುಕೊಂಡಳು. ಹುಳ ಹಣ್ಣಾದ ಮನೆಯಲ್ಲಿ ಅವಸರವಿಲ್ಲ ಎಂದು ಯಾರಾದರೂ ಅಂದರೆ ಏನರ್ಥ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅವಳೂ ಹುಳ ಮೇಯಿಸುವವಳೇ.

ಎರಡೂಮುಕ್ಕಾಲಿಗೆ ಸರ್ವರ್ ಬಂತು. ಒಂದೊಂದೇ ಫೋಟೊ ಏರಿತು. ದೇವಿರಮ್ಮನ ನೀಲಿ ಟಾರ್ಪಾಲು ಇಪ್ಪತ್ತೊಂಬತ್ತನೆಯದು. ಹತ್ತಿತು ಎಂದು ಹೇಳಿದಾಗ ಅವಳು ಎದ್ದು, ಸೆರಗಿನ ಗಂಟು ಬಿಚ್ಚಿ ಎರಡು ಎಲೆಯಡಿಕೆ ಮೇಜಿನ ಮೇಲಿಟ್ಟು, ನಿನ್ನೊಟ್ಟೆ ತಣ್ಣಗಿರಲಿ ಎಂದು ಹೋದಳು. ಕೊನೆಯ ಫೋಟೊ ಹತ್ತಿದಾಗ ಐದಕ್ಕೆ ಹತ್ತು ನಿಮಿಷ. ನಾಗಶ್ರೀ ಬ್ಯಾಗು ಎತ್ತಿಕೊಂಡು ಓಡುನಡಿಗೆಯಲ್ಲಿ ಹೊರಟಳು.

ಮಾರಿಗುಡಿಯ ಮುಂದೆ ಬರುವಾಗ ಮೊಬೈಲ್ ಸದ್ದು ಮಾಡಿತು. ರಾಜೇಂದ್ರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು: ಫೋಟೊ ಹತ್ತಿಸುವ ಅವಧಿಯನ್ನು ಏಳು ದಿನ ಮುಂದುವರಿಸಲಾಗಿದೆ. ಅವಳು ಅಲ್ಲೇ ನಿಂತು ಎರಡು ಸಲ ಓದಿದಳು. ಹೋದ ವರ್ಷವೂ ಹೀಗೇ ಮುಂದುವರಿಸಿದ್ದರು. ಅದಕ್ಕೆ ಹಿಂದಿನ ವರ್ಷವೂ.

ಹುಳಮನೆಯ ಬಾಗಿಲಲ್ಲಿ ಗೋಣಿತಾಟು ಒಣಗಿ ನಿಂತಿತ್ತು, ನೀರು ಚಿಮುಕಿಸಲು ಬಿಡುವಾಗಿರಲಿಲ್ಲವೆಂದು ಕಾಣುತ್ತದೆ. ನಾಗಶ್ರೀ ಚಪ್ಪಲಿ ಬಿಟ್ಟು, ಪಕ್ಕದ ಕೊಟ್ಟಿಗೆಯಲ್ಲಿ ಸೀರೆ ಬದಲಿಸಿ, ಕೈ ತೊಳೆದು ಒಳಗೆ ಹೋದಳು. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ಇಪ್ಪತ್ತಾರು ತುಂಬಿದ್ದವು. ಹುಳಗಳು ನೂಲು ಬಿಡುತ್ತ ಆಗಲೇ ತೆಳ್ಳನೆಯ ಮಂಜಿನೊಳಗೆ ಸೇರಿಕೊಂಡಿದ್ದವು. ಉಳಿದ ಹದಿನಾಲ್ಕು ಖಾಲಿ. ತಟ್ಟೆಗಳ ಅಂಚಿಗೆ, ಬಿದಿರಿನ ಸಂದಿಗೆ, ಒಣಗಿದ ಕಡ್ಡಿಗಳ ನಡುವೆ ಎಲ್ಲೆಂದರಲ್ಲಿ ಬಿಳಿ. ಒಂದರ ಗೂಡಿಗೆ ಇನ್ನೊಂದು ನುಗ್ಗಿ ಎರಡೆರಡು ಸೇರಿ ಕಟ್ಟುತ್ತಿದ್ದವು. ಚಿಕ್ಕಬೋರಮ್ಮ ಬೆನ್ನು ನೆಟ್ಟಗೆ ಮಾಡಲಾಗದೆ ತಟ್ಟೆಯ ಕಾಲಿಗೆ ಒರಗಿ ಕೂತಿದ್ದಳು.

ನಾಗಶ್ರೀ ಹತ್ತಿರದ ತಟ್ಟೆಗೆ ಕೈ ಹಾಕಿದಳು.

"ಬುಡು ಮಗ, ಮುಟ್ಬ್ಯಾಡ," ಅಂದಳು ಚಿಕ್ಕಬೋರಮ್ಮ. "ನೂಲು ಇಡ್ದವೆ. ಈಗ ಕಿತ್ರೆ ಅದೂ ಓಯ್ತದೆ."

ನಾಗಶ್ರೀ ಕೈ ಹಿಂದಕ್ಕೆ ತೆಗೆದುಕೊಂಡಳು. ಚಿಕ್ಕಬೋರಮ್ಮ ನಿಧಾನಕ್ಕೆ ಎದ್ದು, ಒಲೆ ಹಚ್ಚಿ ಕಾಫಿ ಕಾಯಿಸಿ ತಂದುಕೊಟ್ಟಳು. ಬೇಡ ಅನ್ನಲಾಗದೆ ನಾಗಶ್ರೀ ಕುಡಿದಳು. ಅವಧಿ ಮುಂದುವರಿದ ಸುದ್ದಿಯನ್ನು ಹೇಳಲಿಲ್ಲ. ಆಫೀಸಿನಲ್ಲಿ ಬಿಡಲಿಲ್ಲ ಅತ್ತೆ ಎಂದಳು. ಅದೂ ನಿಜವಲ್ಲ, ಅವಳು ಯಾರನ್ನೂ ಕೇಳಿರಲೇ ಇಲ್ಲ.

ವಾರ ಕಳೆದು, ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದ ಕರಿಯಪ್ಪ ಡೇರಿಯ ಮುಂದೆ ಸಿಕ್ಕಿದಾಗ, ಕೇಳದಿದ್ದರೂ ಹೇಳಿದ. ಚಂದ್ರಿಕೆಯ ಗೂಡು ಪರವಾಗಿಲ್ಲ, ಒಳ್ಳೆ ರೇಟಿಗೆ ಹೋಯಿತು. ಜೋಡಿಗೂಡು, ಕಲೆ ಬಿದ್ದಿದ್ದನ್ನು ಯಾರೂ ಮೂಸಲಿಲ್ಲ, ಕೊನೆಗೆ ಸಿಕ್ಕಷ್ಟಕ್ಕೆ ಸುರಿದು ಬಂದೆ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಬಿಸಿಲನ್ನೇ ಬೈದ. ನಾಗಶ್ರೀಗೆ ಅವನು ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮನೆಯಲ್ಲಿ ಗಂಡನಿಗೆ ಹೇಳಿಕೊಂಡಳು. ಸಿದ್ದರಾಮು ರೊಟ್ಟಿ ಮುರಿಯುತ್ತ, ನಷ್ಟ ಎಷ್ಟಾಯಿತೋ ಕೇಳಿ ಕೊಟ್ಟುಬಿಡೋಣ ಎಂದ. ಆಮೇಲೆ ತಾನೇ ತಲೆ ಅಲ್ಲಾಡಿಸಿ, "ಮುಯ್ಯಿಗ್ ದುಡ್ಡು ಕೊಡಕ್ಕೋದ್ರೆ ಮಕಕ್ಕ್ ಎಸೀತಾಳೆ ಕಣೆ" ಎಂದ. ಮುಂದಿನ ಬೆಳೆಗೆ ಎರಡು ದಿನ ಹೋಗು ಎಂದೂ ಹೇಳಿದ. ಅದೇ ಸರಿಯೆಂದು ನಾಗಶ್ರೀ ಕಾದಳು. ಯುಗಾದಿ ಕಳೆಯಿತು. ಚಿಕ್ಕಬೋರಮ್ಮ ಮೊಟ್ಟೆ ತರಲಿಲ್ಲ. ಬೆನ್ನು ಹಿಡಿದುಕೊಂಡಿದೆ, ಈ ಸಲ ಬೇಡ ಅಂದಳಂತೆ. ಅವರ ಹಿಪ್ಪುನೇರಳೆ ಸೊಪ್ಪನ್ನು ಬೇರೆಯವರು ಕೊಯ್ದುಕೊಂಡು ಹೋಗುತ್ತಿದ್ದರು.

ಕಾರಹಬ್ಬದ ಹಿಂದುಮುಂದಿನಲ್ಲಿ ನಾಗಶ್ರೀಯ ಮನೆಯಲ್ಲಿ ಹುಳ ಹಣ್ಣಾದವು. ಅವಳು ಪೂರಾ ದಿನ ರಜೆ ಹಾಕಿದಳು. ಮಲ್ಲಿಗಮ್ಮನನ್ನು ಕೂಲಿಗೆ ಕರೆದಳು. ಚಿಕ್ಕಬೋರಮ್ಮನ ಮನೆಯ ಮುಂದೆ ಹೋಗಬಾರದೆಂದು ಸುತ್ತಿನ ದಾರಿಯಲ್ಲಿ ಹೋಗಿ ಕರೆದು ಬಂದಳು. ಆದರೆ ಒಂಬತ್ತಕ್ಕೆಲ್ಲ ಹಿತ್ತಲ ಬಾಗಿಲಿನಿಂದ ಚಿಕ್ಕಬೋರಮ್ಮ ಬಂದಳು. ಕೈ ತೊಳೆದುಕೊಂಡು, ಯಾರು ಹೇಳುವುದಕ್ಕೂ ಕಾಯದೆ, ಕೊನೆಯ ತಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದಳು. ನೋವಿಗೆ ನಡುವಿಗೆ ಒಂದು ಟವೆಲ್ಲು ಬಿಗಿದು ಕಟ್ಟಿಕೊಂಡಿದ್ದಳು.

ಮಲ್ಲಿಗಮ್ಮ ನೀರಿಗೆಂದು ಹೊರಗೆ ಹೋದಾಗ ನಾಗಶ್ರೀ ಮೆಲ್ಲಗೆ, "ನಿಮ್ದೇ ತೀರಿಲ್ಲ ಅತ್ತೆ, ಯಾವ ಮಕ ಇಟ್ಕಂಡ್ ಕರೀಲಿ" ಎಂದಳು. ಅವಧಿ ಮುಂದುವರಿದಿದ್ದು, ಸರ್ವರ್ ನಿಂತಿದ್ದು, ತಾನು ಕೂತು ಉಂಡಿದ್ದು, ಎಲ್ಲವನ್ನೂ ಹೇಳಿದಳು.

ಚಿಕ್ಕಬೋರಮ್ಮನ ಕೈ ನಿಲ್ಲಲಿಲ್ಲ. "ಸರ್ಕಾರದ್ ಕೆಲ್ಸ, ದೇವಿರಮ್ಮುನ್ ಮನೆ ಕೆಲ್ಸ. ಅದ್ಕೇನೂ ಅನ್ನಕಿಲ್ಲ ನಾನು," ಅಂದಳು. ನಾಲ್ಕು ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಳು. "ಹೊಂಟೆ ಅಂದ್ಯಲ್ಲ, ಅದೊಂದ್ ಅನ್ಬಾರ್ದಾಗಿತ್ತು ಮಗ. ಆಗಕಿಲ್ಲ ಅಂದಿದ್ರೆ ಮಲ್ಲಿಗಮ್ಮುನ್ನ ಇಟ್ಕತಿದ್ದೆ. ಬಾಗ್ಲಲ್ಲೇ ನಿಂತಿದ್ಲು."

ನಾಗಶ್ರೀ ತಲೆ ತಗ್ಗಿಸಿ ಆರಿಸಿದಳು. ಬ್ಯಾಗಿನಲ್ಲಿ ಮೊಬೈಲ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

ಎರಡು ಗಂಟೆಗೆ ಹುಳವೆಲ್ಲ ಚಂದ್ರಿಕೆ ಸೇರಿದವು. ಒಂದೂ ತಟ್ಟೆಯಲ್ಲಿ ಉಳಿಯಲಿಲ್ಲ. ಮುದ್ದೆ, ಅವರೆಕಾಳಿನ ಸಾರು ಮಾಡಿಟ್ಟಿತ್ತು. ಎಲೆ ಹಾಕುವಷ್ಟರಲ್ಲಿ ಚಿಕ್ಕಬೋರಮ್ಮ ಕೈ ಒರೆಸಿಕೊಳ್ಳುತ್ತ, ಹಸುವನ್ನು ಬಿಸಿಲಲ್ಲಿ ಕಟ್ಟಿ ಬಂದಿದ್ದೇನೆ ಎಂದು ಹೊರಟೇಬಿಟ್ಟಳು. ಉಣ್ಣದೆ ಹೋದಳು.

ಸಂಜೆ ನಾಗಶ್ರೀ ಕ್ಯಾರಿಯರಿನಲ್ಲಿ ಸಾರು, ಮುದ್ದೆ ಹಾಕಿಕೊಂಡು ಅವಳ ಮನೆಗೆ ಹೋದಳು. ಹುಳಮನೆಯ ಬಾಗಿಲು ತೆರೆದಿತ್ತು. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟಿ, ಆ ಜಾಗದಲ್ಲಿ ರಾಗಿಮೂಟೆ ಇಟ್ಟಿದ್ದರು. ಗೋಡೆಯ ಚಂದ್ರಿಕೆಗಳಿಗೆ ಜೇಡ ಬಲೆ ಹೆಣೆದಿತ್ತು. ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ತಿರುಗಿ ನೋಡಿ, ಜಗಲಿ ಮೇಲಿಡು ಎಂದಳು.

ಕ್ಯಾರಿಯರ್ ಇಟ್ಟು ನಾಗಶ್ರೀ ಅಲ್ಲೇ ನಿಂತಳು. "ಉಳ ಯಾವಾಗ ಮೇಯಿಸ್ತೀರಿ ಅತ್ತೆ?"

"ನೋಡನ ಕಣ್ ಮಗ."

ಕೊಟ್ಟಿಗೆಯೊಳಗೆ ಬಕೆಟ್ಟಿಗೆ ಹಾಲು ಬೀಳುವ ಸದ್ದು ಮುಂದುವರಿಯಿತು. ತೀರಿಸಬೇಕಾದ ಮುಯ್ಯಿ ಈಗ ಎರಡು ದಿನದ್ದಾಗಿತ್ತು. ನಾಗಶ್ರೀ ಹುಳಮನೆಯ ಬಾಗಿಲನ್ನು ಎಳೆದು ಮುಂದೆ ಮಾಡಿ, ಮನೆಯ ದಾರಿ ಹಿಡಿದಳು.